ನಿಮಗಿದು ಗೊತ್ತೆ? ಕೂದಲನ್ನು ತಿಂದದ್ದು ಹುಳುವಲ್ಲ

ತಲೆಯಲ್ಲೋ ಗಡ್ಡದಲ್ಲೋ ನಾಣ್ಯದಗಲ ಕೂದಲು ಏಕಾಏಕಿ ಉದುರಿ ಚರ್ಮ ನುಣುಪಾದರೆ ‘ಹುಳು ತಿಂದಿದೆ’ ಎನ್ನುವವರಿದ್ದಾರೆ. ಅಲ್ಲಿ ಯಾವ ಹುಳುವೂ ಇರುವುದಿಲ್ಲ. ಇದು ಅಲೋಪೇಶಿಯಾ ಏರಿಯೇಟಾ: ಸೋಂಕಿನಿಂದ ನಮ್ಮನ್ನು ಕಾಯಬೇಕಾದ ಟಿ-ಕೋಶಗಳೇ ಕೂದಲ ಬುಡದ ಮೇಲೆ ಎರಗುವ ಕಾಯಿಲೆ. ಬಾಚಣಿಗೆ, ಟವೆಲ್‌ನಿಂದ ಹರಡುವುದಿಲ್ಲ. ಇದಕ್ಕಾಗಿ ಮಗುವನ್ನು ತರಗತಿಯಲ್ಲಿ ದೂರ ಕೂರಿಸುವುದು ದೊಡ್ಡ ಅನ್ಯಾಯ.

ಬೆಳೆಯುತ್ತಿರುವ ಕೂದಲ ಬುಡ ಸಾಮಾನ್ಯವಾಗಿ ರೋಗನಿರೋಧಕ ಕೋಶಗಳ ಕಣ್ಣಿಗೆ ಬೀಳುವುದಿಲ್ಲ. ತನ್ನ ಗುರುತು ತೋರುವ ಅಣುಗಳನ್ನು ಅದು ತೀರಾ ಕಡಿಮೆ ಹೊರಗಿಟ್ಟಿರುತ್ತದೆ. ಈ ಮರೆ ಕಳಚಿದಾಗ ಸಿಡಿ8 ಟಿ-ಕೋಶಗಳು ನುಗ್ಗಿ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶವಾಹಕ ಅಣುವನ್ನು ಸುರಿಸುತ್ತವೆ. ಅದರಿಂದ ಪ್ರಚೋದನೆಗೊಂಡ ಬುಡದ ಕೋಶಗಳು ಇಂಟರ್‌ಲ್ಯೂಕಿನ್-15 ಎಂಬ ಇನ್ನೊಂದು ಸಂದೇಶವಾಹಕವನ್ನು ಹೊರಬಿಡುತ್ತವೆ. ಅದು ಟಿ-ಕೋಶಗಳನ್ನು ಮತ್ತಷ್ಟು ಕೆರಳಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಬುಡವನ್ನು ಸುತ್ತುವರಿದ ಈ ಕೋಶಗಳಿಗೆ ರೋಗಶಾಸ್ತ್ರಜ್ಞರು ಇಟ್ಟ ಹೆಸರು ‘ಜೇನುನೊಣಗಳ ಹಿಂಡು’.

ವಿಚಿತ್ರವೆಂದರೆ, ಬಿಳಿಕೂದಲು ಎಷ್ಟೋ ಸಲ ಈ ದಾಳಿಯಿಂದ ಪಾರಾಗುತ್ತದೆ. ಮರಳಿ ಹುಟ್ಟುವ ಕೂದಲೂ ಮೊದಮೊದಲು ಬೆಳ್ಳಗಿರುವುದುಂಟು. ಹೌದು, ಮರಳಿ ಹುಟ್ಟುತ್ತದೆ! ಕೂದಲನ್ನು ಮತ್ತೆ ಕಟ್ಟುವ ಆಕರ ಕೋಶಗಳು ಸಾಮಾನ್ಯವಾಗಿ ಉಳಿದಿರುತ್ತವೆ.

ಟಿ-ಕೋಶಗಳನ್ನು ಕೆರಳಿಸುವ ಸಂದೇಶಗಳು ಸಾಗುವುದು ಜಾಕ್ ಎಂಬ ಕಿಣ್ವಗಳ ಮೂಲಕ. ಅವನ್ನು ತಡೆದರೆ ಕೂದಲು ಮರಳುತ್ತದೆಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು. ತೀವ್ರ ಕಾಯಿಲೆಯಿರುವ ವಯಸ್ಕರಿಗೆ ಬ್ಯಾರಿಸಿಟಿನಿಬ್ ಮಾತ್ರೆಗೆ ಅಲ್ಲಿ 2022ರಲ್ಲಿ, 12 ವರ್ಷ ಮೇಲ್ಪಟ್ಟವರಿಗೆ ರಿಟ್ಲೆಸಿಟಿನಿಬ್‌ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಇವು ಸೋಂಕಿನ ಅಪಾಯವನ್ನೂ ಹೆಚ್ಚಿಸುವುದರಿಂದ ಚರ್ಮವೈದ್ಯರ ನಿಗಾ ಇಲ್ಲದೆ ನುಂಗುವಂಥವಲ್ಲ.