ಹದಿನೈದನೆಯ ಕುರಿ

ಆಗಸ್ಟ್ ತಿಂಗಳ ರಾತ್ರಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಹೊಗೆಸೊಪ್ಪಿನ ಬ್ಯಾರನ್‌ಗಳ ಒಲೆ ಉರಿಯುತ್ತಿರುತ್ತದೆ. ಒಂದು ಸಲ ಸೊಪ್ಪು ಏರಿಸಿದರೆ ಐದಾರು ದಿನ ಬೆಂಕಿ ಆರುವಂತಿಲ್ಲ. ಶಾಖ ಏರಿದರೂ ಸೊಪ್ಪು ಕೆಟ್ಟಿತು, ಇಳಿದರೂ ಕೆಟ್ಟಿತು. ಯಾರಾದರೊಬ್ಬರು ನಿದ್ದೆಗೆಟ್ಟು ಕಾಯಲೇಬೇಕು. ಅಂಥ ಒಂದು ರಾತ್ರಿ ದೊಡ್ಡಪ್ಪನ ಬ್ಯಾರನ್ ಮುಂದೆ ನಾನೂ ಕೂತಿದ್ದೆ. ಪಕ್ಕದಲ್ಲಿ ಅವರ ಮೊಮ್ಮಗ ಮೊಬೈಲಿನಲ್ಲಿ ಹೊಡೆದಾಟದ ಗೇಮ್ ಆಡುತ್ತಿದ್ದ. ಮೂರು ಸಲ ಸೋತವನು ಮೊಬೈಲನ್ನು ಮೊಣಕಾಲ ಮೇಲೆ ಬೋರಲು ಹಾಕಿದ.

"ಈ ಕ್ಯಾರೆಕ್ಟರೇ ವೀಕು ತಾತ. ಇವನ್ನ ಇಟ್ಕಂಡು ಯಾರೂ ಗೆಲ್ಲಕಾಗಲ್ಲ."

"ಹುಲಿ ಮುಂದೆ ಕುರಿನೂ ವೀಕೇ ಕಣ್ಲಾ" ಅಂದರು ದೊಡ್ಡಪ್ಪ. ಒಲೆಯ ಬಾಯಿಂದ ಒಂದು ಇದ್ದಿಲ ಚೂರು ಆರಿಸಿ, ನೆಲದ ಮೇಲೆ ದೊಡ್ಡದೊಂದು ತ್ರಿಕೋನ ಗೀಚಿದರು. ನೆತ್ತಿಯಲ್ಲಿ ಒಂದು ಮನೆ, ನಡುವಿನ ಮೂರು ಅಡ್ಡಗೆರೆಗಳ ಮೇಲೆ ಆರಾರು, ಬುಡದಲ್ಲಿ ನಾಲ್ಕು, ಒಟ್ಟು 23. ಹುಲಿಗೆ ಮೂರು ಕಲ್ಲು, ಕುರಿಗೆ ಹದಿನೈದು ಹುಣಸೆಬೀಜ. "ಕುರಿ ನಿಂದು, ಹುಲಿ ನಂದು. ಆಡು."

ಹುಲಿ-ಕುರಿ ಆಟದಲ್ಲಿ ಕುರಿಯ ಪಾಡು ನೋಡಿ. ಅದು ಯಾರನ್ನೂ ಹೊಡೆಯುವಂತಿಲ್ಲ. ಹದಿನೈದೂ ಒಂದೊಂದಾಗಿ ಇಳಿಯುವ ತನಕ ಒಂದು ಕುರಿಯೂ ಜಾಗ ಬಿಟ್ಟು ಕದಲುವಂತಿಲ್ಲ. ಹುಲಿಗಾದರೆ ಮೊದಲಿನಿಂದಲೂ ಓಡಾಟ ಉಂಟು. ಪಕ್ಕದ ಕುರಿಯ ಆಚೆ ಮನೆ ಖಾಲಿ ಇದ್ದರೆ ನೆಟ್ಟಗೆ ಹಾರಿ ಅದನ್ನು ಎತ್ತಿಕೊಳ್ಳುತ್ತದೆ. ಕುರಿ ಗೆಲ್ಲಬೇಕಾದರೆ ಮೂರೂ ಹುಲಿಗಳನ್ನು ಅಲ್ಲಾಡದಂತೆ ಕಟ್ಟಿಹಾಕಬೇಕು. ಹುಡುಗ ಹುಲಿಯ ಪಕ್ಕಪಕ್ಕದಲ್ಲೇ ಬೀಜ ಇಟ್ಟ. ಒಂದು ಹಿಡಿ ಸೌದೆ ಉರಿಯುವುದರೊಳಗೆ ಅವನ ಮಂದೆ ಖಾಲಿಯಾಗಿತ್ತು.

ಹುಡುಗನ ದೂರು ಹೊಸದಲ್ಲ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ಜಾಂಗೀಫ್ ಎಂಬ ರಷ್ಯಾದ ಪೈಲ್ವಾನನಿದ್ದಾನೆ. ಆನೆಯಂಥ ಮೈ, ಆನೆಯಂಥದೇ ನಿಧಾನ. ಎದುರಾಳಿ ಅವನ ಕೈಗೆ ಸಿಕ್ಕರೆ ಮುಗಿಯಿತು, ಸಿಗಬೇಕಲ್ಲ! ಎದುರಿನವನು ದೂರ ನಿಂತು ಬೆಂಕಿಯುಂಡೆ ಎಸೆಯುತ್ತಿದ್ದರೆ ಜಾಂಗೀಫ್‌ಗೆ ಹತ್ತಿರ ಹೋಗುವುದೇ ದೊಡ್ಡ ಪಾಡು. ಇಂಥವನನ್ನು ಸರಿದೂಗಿಸಲು ಸುಲಭದ ದಾರಿ ಎಂದರೆ ಅವನ ಪೆಟ್ಟಿನ ತೂಕ ಏರಿಸುವುದು. ಆದರೆ ತಲುಪದವನ ಪೆಟ್ಟು ಎಷ್ಟಿದ್ದರೇನು? 1992ರ ಕೊನೆಗೆ ಬಂದ ‘ಹೈಪರ್ ಫೈಟಿಂಗ್’ ಆವೃತ್ತಿಯಲ್ಲಿ ಅವನಿಗೆ ಕೈ ಚಾಚಿ ಬುಗುರಿಯಂತೆ ಸುತ್ತುವ ಇನ್ನೊಂದು ಚುರುಕು ವರಸೆ ಕೊಟ್ಟರು. ಮುಂದೆ ಬೆಂಕಿಯುಂಡೆಯನ್ನು ಅಂಗೈಯಲ್ಲೇ ಅಳಿಸಿಹಾಕುವ ಏಟೂ ಬಂತು. ಪೈಲ್ವಾನ ಪೈಲ್ವಾನನಾಗಿಯೇ ಉಳಿದ. ಅವನಿಗೆ ಸಿಕ್ಕಿದ್ದು ಎದುರಾಳಿಯ ಹತ್ತಿರ ಹೋಗಲು ಒಂದು ದಾರಿ.

ನಮ್ಮ ನಿಜವಾದ ಪೈಲ್ವಾನರ ಲೆಕ್ಕ ಬೇರೆ. ಮೈಸೂರಿನ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ತೂಕ, ವಯಸ್ಸು, ಪಳಗಿದ ಕೈಯೋ ಅಲ್ಲವೋ ಎಂಬುದನ್ನು ನೋಡಿ ಸಮಬಲದವರನ್ನು ಎದುರುಬದುರು ನಿಲ್ಲಿಸುತ್ತಾರೆ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರ ಹೆಸರಿನ ಕ್ರೀಡಾಂಗಣದ ಮಟ್ಟಿಯಲ್ಲಿ ನೀವು ನೋಡುವ ಕುಸ್ತಿಯ ಅರ್ಧ ಸೊಗಸು ಆ ಜೋಡಿ ಕಟ್ಟಿದವರದು. ಆದರೆ ಹುಲಿಗೂ ಕುರಿಗೂ ಯಾರು ಜೋಡಿ ಕಟ್ಟಿಯಾರು? ಈ ಆಟ ಕಟ್ಟಿದವರು ಕುರಿಗೆ ಹಲ್ಲು ಕೊಡಲಿಲ್ಲ, ಹುಲಿಯ ಹಲ್ಲು ಕೀಳಲೂ ಇಲ್ಲ. ಕುರಿಗಳ ಎಣಿಕೆ ಏರಿಸಿದರು, ಖಾಲಿ ಮನೆ ಇಲ್ಲದೆ ಹಾರುವಂತಿಲ್ಲ ಎಂದು ಹುಲಿಗೆ ಕಟ್ಟು ಹಾಕಿದರು. ಅಷ್ಟರಿಂದ ತಕ್ಕಡಿ ಸಮನಾಯಿತೇ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ತ್ರಿಕೋನದ ದಾಯಾದಿಯೊಂದರ ಮೇಲೆ. ನೇಪಾಳದಲ್ಲಿ ಬಾಘ್‌ಚಾಲ್ ಎಂಬ ಆಟವಿದೆ. ಚೌಕದ ಮೇಲೆ ಐದೈದರ ಸಾಲಿನಲ್ಲಿ 25 ಮನೆ, ನಾಲ್ಕು ಮೂಲೆಯಲ್ಲಿ ನಾಲ್ಕು ಹುಲಿ, ಕೈಯಲ್ಲಿ 20 ಮೇಕೆ. ಐದು ಮೇಕೆ ತಿಂದರೆ ಹುಲಿ ಗೆದ್ದಂತೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಲಿಮ್ ಯೂ ಜಿನ್ ಮತ್ತು ಸ್ವಿಸ್ ಗಣಕ ವಿಜ್ಞಾನಿ ಯೂರ್ಗ್ ನೀವರ್‌ಗೆಲ್ಟ್ ಈ ಆಟವನ್ನು ಬಿಡಿಸಲು ಕೂತರು. ನೀವರ್‌ಗೆಲ್ಟ್‌ಗೆ ಇಂಥ ಆಟ ಹೊಸದಲ್ಲ. ನಾವು ನವಕಂಕರಿ ಎನ್ನುವ ಆಟದಲ್ಲಿ ಇಬ್ಬರೂ ತಪ್ಪದೆ ಆಡಿದರೆ ಡ್ರಾ ಎಂದು ಅವರ ಶಿಷ್ಯ ರಾಲ್ಫ್ ಗಾಸರ್ ಜ್ಯೂರಿಕ್‌ನಲ್ಲಿ 1993ರಲ್ಲೇ ತೋರಿಸಿದ್ದರು.

ಲಿಮ್ ಮತ್ತು ನೀವರ್‌ಗೆಲ್ಟ್ ಬಾಘ್‌ಚಾಲ್ ಆಟವನ್ನು ಹಿಡಿದದ್ದು ಬಾಲದ ಕಡೆಯಿಂದ. ಮೇಕೆಗಳೆಲ್ಲ ಇಳಿದ ಮೇಲಿನ ಆಟದಲ್ಲಿ ಸೋಲು-ಗೆಲುವು ತೀರ್ಮಾನವಾದ ಕೊನೆಯ ಸ್ಥಿತಿಗಳನ್ನು ಮೊದಲು ಪಟ್ಟಿ ಮಾಡಿದರು. ಅಲ್ಲಿಗೆ ಒಂದು ನಡೆಯಲ್ಲಿ ತಲುಪುವ ಸ್ಥಿತಿ ಯಾವುವು, ಅದಕ್ಕೂ ಹಿಂದಿನವು ಯಾವುವು ಎಂದು ಹಿಂದಕ್ಕೆ ಹಿಂದಕ್ಕೆ ಎಣಿಸುತ್ತ ಹೋದರು. ಕನ್ನಡಿಯಲ್ಲಿ ಕಂಡಂತೆ, ತಿರುಗಿಸಿದಂತೆ ಒಂದೇ ಆಗಿರುವವನ್ನು ಬಿಟ್ಟು ಉಳಿದ ಸ್ಥಿತಿಗಳು 8,82,60,972. ಒಂದೊಂದರ ಮುಂದೆಯೂ ಯಾರು ಗೆಲ್ಲುತ್ತಾರೆ ಎಂದು ಬರೆದಿಟ್ಟರು. 2004ರ ಹೊತ್ತಿಗೆ ಈ ಭಾಗ ಮುಗಿದಿತ್ತು.

ಕಷ್ಟವಿದ್ದದ್ದು ಮೇಕೆ ಇಳಿಸುವ ಹಂತದಲ್ಲಿ. 20 ಮೇಕೆ, ನಡುನಡುವೆ ಹುಲಿಯ 19 ನಡೆ, ಒಟ್ಟು 39 ಮೆಟ್ಟಿಲು. ಕವಲುಗಳನ್ನೆಲ್ಲ ಲೆಕ್ಕ ಹಾಕಿದರೆ ಒಂದರ ಮುಂದೆ 41 ಸೊನ್ನೆ ಇಟ್ಟಷ್ಟು. ಕಂಪ್ಯೂಟರಿಗೂ ಆಗದ ಮಾತು. ಚೌಕದ ಸಮರೂಪತೆ ಒಂದಿಷ್ಟು ಭಾರ ಇಳಿಸುತ್ತದೆ: ಮೊದಲ ಮೇಕೆಗೆ 21 ಖಾಲಿ ಮನೆ ಇದ್ದರೂ ನಿಜಕ್ಕೂ ಬೇರೆ ಬೇರೆಯಾದವು ಐದೇ. ಅದೂ ಸಾಲದು. ಬೆಟ್ಟ ಕರಗಿದ್ದು ಒಂದು ಸರಳ ಯೋಚನೆಯಿಂದ. ಮೇಕೆ ಸೋಲುವುದಿಲ್ಲ ಎಂದು ತೋರಿಸಬೇಕಾದರೆ ಅದರ ಎಲ್ಲ ನಡೆಗಳನ್ನೂ ಪರೀಕ್ಷಿಸಬೇಕಿಲ್ಲ. ಪ್ರತಿ ಹೆಜ್ಜೆಗೂ ಒಂದೇ ಒಂದು ಒಳ್ಳೆಯ ನಡೆ ಸಾಕು, ಅದನ್ನು ಅನುಭವದ ಅಂದಾಜಿನಲ್ಲಿ ಆರಿಸಿಕೊಳ್ಳಬಹುದು. ಹುಲಿಯ ಉತ್ತರಗಳನ್ನು ಮಾತ್ರ ಒಂದೂ ಬಿಡದೆ ನೋಡಬೇಕು. ಹುಲಿ ಸೋಲುವುದಿಲ್ಲ ಎಂದು ತೋರಿಸುವಾಗ ಇದೇ ಲೆಕ್ಕ ತಿರುಗುಮುರುಗು. ಹುಡುಕಾಟದ ಆಳ ಅರ್ಧಕ್ಕಿಳಿಯಿತು. ನಡುದಾರಿಯ ಸ್ಥಿತಿಗಳ ಇನ್ನೊಂದು ಪಟ್ಟಿ ಕಟ್ಟಿ, ಮೇಲಿನಿಂದ ಬಂದ ಲೆಕ್ಕವನ್ನು ಅಲ್ಲಿಗೆ ಬೆಸೆದರು. 2009ರಲ್ಲಿ ಅಚ್ಚಾದ ಅವರ ಪ್ರಬಂಧದ ತಲೆಬರಹದಲ್ಲೇ ಫಲಿತಾಂಶವಿದೆ: ಹುಲಿ-ಮೇಕೆ ಆಟ ಡ್ರಾ.

ಹಲ್ಲಿಲ್ಲದ ಮೇಕೆ ನಾಲ್ಕು ಹುಲಿಗೆ ಸಮ! ಹಾಗಿದ್ದರೆ ಆಟಕ್ಕೆ ಹೊಸಬನಾದವನ ಕೈಯಲ್ಲಿ ಕುರಿ ಯಾಕೆ ಸಾಯುತ್ತದೆ? ಹುಲಿಯ ಬಲ ಒಂದೊಂದು ಕಲ್ಲಿನಲ್ಲೂ ಇದೆ, ಎಂಥವನಿಗೂ ಕಾಣುತ್ತದೆ. ಕುರಿಯ ಬಲ ಯಾವ ಬೀಜದಲ್ಲೂ ಇಲ್ಲ, ಎರಡು ಬೀಜಗಳ ನಡುವೆ ಸಂದು ಬಿಡದಿರುವುದರಲ್ಲಿದೆ. ಅದು ಕಾಣಬೇಕಾದರೆ ಹತ್ತಾರು ಆಟ ಸೋಲಬೇಕು. ಆಟ ರೂಪಿಸುವವರಿಗೆ ಇದೇ ತಲೆನೋವು: ಯಾವ ಪಾತ್ರ ನಿಜಕ್ಕೂ ದುರ್ಬಲ, ಯಾವುದರ ಬಲ ಇನ್ನೂ ಕಣ್ಣಿಗೆ ಬಿದ್ದಿಲ್ಲ ಎಂದು ಬೇರ್ಪಡಿಸುವುದು. ಅದು ತಿಳಿಯುವ ಮುಂಚೆಯೇ ಪೆಟ್ಟಿನ ತೂಕ ಏರಿಸಿದರೆ ಇವತ್ತಿನ ಕುರಿ ನಾಳೆ ಹುಲಿಯಾಗಿರುತ್ತದೆ.

ಬ್ಯಾರನ್ ಮುಂದೆ ಎರಡನೆಯ ಆಟಕ್ಕೆ ಕುರಿ ದೊಡ್ಡಪ್ಪನದಾಯಿತು. ಅವರು ಬುಡದ ಗೆರೆಯಿಂದ ಶುರುಮಾಡಿದರು. ಅಲ್ಲಿ ಕುರಿಯ ಬೆನ್ನ ಹಿಂದೆ ಮನೆಯೇ ಇಲ್ಲ, ಮೇಲಿಂದ ಬರುವ ಹುಲಿ ಹಾರುವುದೆಲ್ಲಿಗೆ? ಒಂದಕ್ಕೊಂದು ಒತ್ತಾಗಿ ಬೀಜ ಏರಿಸುತ್ತ ಬಂದರು. ಎರಡು ಹುಲಿ ಕಟ್ಟಿಹೋದವು. ಮೂರನೆಯದು ನೆತ್ತಿಯ ಬಳಿ ಎರಡು ಮನೆಗಳ ನಡುವೆ ಹೋಗಿ ಬಂದು, ಹೋಗಿ ಬಂದು ಮಾಡುತ್ತಲೇ ಇತ್ತು.

"ಯಾರು ಗೆದ್ದಿದ್ದು ತಾತ?"

"ಯಾರೂ ಇಲ್ಲ" ಅಂದವರೇ ದೊಡ್ಡಪ್ಪ ಶಾಖ ನೋಡಲು ಎದ್ದರು.

ಹುಡುಗ ಸ್ವಲ್ಪ ಹೊತ್ತು ಗೆರೆಗಳನ್ನೇ ನೋಡುತ್ತ ಕೂತ. ಆಮೇಲೆ ಬೀಜಗಳನ್ನೆಲ್ಲ ಬಳಿದುಕೊಂಡು, ಒಂದನ್ನು ಆರಿಸಿ ಜೇಬಿಗೆ ಹಾಕಿಕೊಂಡ.

"ಹದ್ನಾಲ್ಕೇ ಇದ್ರೆ ಏನಾಯ್ತದೆ?"

"ಆಡಿ ನೋಡು" ಅಂದರು ದೊಡ್ಡಪ್ಪ, ಒಲೆಗೆ ಸೌದೆ ನೂಕುತ್ತ. ಮೊಬೈಲು ಬೋರಲು ಬಿದ್ದಲ್ಲೇ ಬಿದ್ದಿತ್ತು.