ಇಂಧನ ಕ್ಯಾನ್

ಇಂಧನ ಕ್ಯಾನ್ ಎಂಬುದು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಮೊದಲಾದ ದ್ರವ ಇಂಧನಗಳನ್ನು ಸ್ವಲ್ಪ ಪ್ರಮಾಣದಲ್ಲಿ ಕೊಂಡೊಯ್ಯಲು, ಕೂಡಿಡಲು ಮತ್ತು ಯಂತ್ರದ ಟ್ಯಾಂಕಿಗೆ ಸುರಿಯಲು ಬಳಸುವ, ಕೈಯಲ್ಲಿ ಹಿಡಿದು ಸಾಗಿಸಬಹುದಾದ ಪಾತ್ರೆಯಾಗಿದೆ. ಜನರೇಟರ್, ಪಂಪ್‌ಸೆಟ್, ಮರ ಕೊಯ್ಯುವ ಯಂತ್ರ ಮುಂತಾದವನ್ನು ಪೆಟ್ರೋಲ್ ಬಂಕಿನವರೆಗೆ ಒಯ್ಯುವುದು ಸುಲಭವಲ್ಲವಾದ್ದರಿಂದ ಇಂಧನವೇ ಅವುಗಳಿದ್ದಲ್ಲಿಗೆ ಬರಬೇಕಾಗುತ್ತದೆ. ಮಲೆನಾಡಿನ ಅಡಿಕೆ ಮತ್ತು ಕಾಫಿ ತೋಟಗಳಲ್ಲಿ ಕಳೆ ಕತ್ತರಿಸುವ ಹಾಗೂ ಔಷಧಿ ಸಿಂಪಡಿಸುವ ಯಂತ್ರಗಳಿಗೆ ಇಂಧನ ತಲುಪುವುದು ಹೀಗೆಯೇ. 5, 10 ಮತ್ತು 20 ಲೀಟರ್ ಗಾತ್ರದ ಕ್ಯಾನುಗಳು ಹೆಚ್ಚು ಬಳಕೆಯಲ್ಲಿವೆ.

ಅಪಾಯದ ಮೂಲ

ಪೆಟ್ರೋಲಿನ ವಿಷಯದಲ್ಲಿ ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದ ಏಳುವ ಆವಿ. ಕ್ಯಾನಿನ ರಚನೆ, ಆಯ್ಕೆ, ಬಳಕೆಗೆ ಸಂಬಂಧಿಸಿದ ಬಹುತೇಕ ನಿಯಮಗಳು ಈ ಒಂದು ಸಂಗತಿಯಿಂದಲೇ ಹುಟ್ಟಿವೆ. ದ್ರವದ ಮೇಲೆ ಹೊತ್ತಿಕೊಳ್ಳುವಷ್ಟು ಆವಿ ಕೂಡುವ ಕನಿಷ್ಠ ಉಷ್ಣತೆಯನ್ನು ಫ್ಲ್ಯಾಷ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿಗೆ ಇದು ಸುಮಾರು −40 ಡಿಗ್ರಿ ಸೆಲ್ಸಿಯಸ್. ಅಂದರೆ ಕೊರೆಯುವ ಚಳಿಯಲ್ಲಿಯೂ ತೆರೆದ ಪೆಟ್ರೋಲ್ ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲಕ್ಕೆ ಚದುರದೆ ನೆಲದ ಮೇಲೆ ಹರಿದು, ಕಣ್ಣಿಗೆ ಕಾಣದಂತೆ ದೂರದ ಒಲೆ ಅಥವಾ ಸ್ವಿಚ್ಚಿನ ಕಿಡಿಯನ್ನು ತಲುಪಬಲ್ಲದು.

ಗಾಳಿಯಲ್ಲಿ ಪೆಟ್ರೋಲ್ ಆವಿಯು ಸರಿಸುಮಾರು ಶೇ. 1.4ರಿಂದ 7.6ರಷ್ಟಿದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ತುಂಬಿದ ಕ್ಯಾನಿನೊಳಗೆ ಆವಿ ಇದಕ್ಕಿಂತ ಹೆಚ್ಚು ದಟ್ಟವಾಗಿರುವುದರಿಂದ ಒಳಗೆ ಬೆಂಕಿ ಹಿಡಿಯುವುದು ಕಡಿಮೆ. ತಳದಲ್ಲಿ ತುಸುವೇ ಉಳಿದ, ಗಾಳಿ ಸೇರಿಕೊಂಡ ಹಳೆಯ ಕ್ಯಾನೇ ಹೆಚ್ಚು ಅಪಾಯಕಾರಿ. "ಖಾಲಿಯಾಗಿದೆ" ಎಂದು ಅದನ್ನು ಉದಾಸೀನ ಮಾಡುವುದು ಸಾಮಾನ್ಯವಾದ ತಪ್ಪು.

ಜೆರ್ರಿ ಕ್ಯಾನ್

ಇಂದಿನ ಕ್ಯಾನುಗಳ ಮೂಲರೂಪವನ್ನು 1937ರಲ್ಲಿ ಜರ್ಮನಿಯ ಶ್ವೆಲ್ಮ್ ಪಟ್ಟಣದ ಮ್ಯೂಲರ್ ಕಂಪನಿಯಲ್ಲಿ ವಿನ್ಸೆನ್ಜ್ ಗ್ರ್ಯೂನ್‌ಫೋಗೆಲ್ ಎಂಬವರು ಸೇನೆಗಾಗಿ ರೂಪಿಸಿದರು. 20 ಲೀಟರಿನ ಈ ಕ್ಯಾನನ್ನು ಅಚ್ಚೊತ್ತಿದ ಎರಡು ಉಕ್ಕಿನ ತಗಡುಗಳನ್ನು ಬೆಸೆದು ಮಾಡಲಾಗುತ್ತಿತ್ತು. ಬದಿಗಳಲ್ಲಿನ ಅಡ್ಡಗೆರೆಯ ಉಬ್ಬುತಗ್ಗುಗಳು ತಗಡಿಗೆ ಬಿಗುವು ಕೊಡುವುದರೊಂದಿಗೆ ಬಿಸಿಲಿಗೆ ಹಿಗ್ಗಲು ಅವಕಾಶವನ್ನೂ ಕೊಡುತ್ತಿದ್ದವು. ಅದರ ಮೂರು ಹಿಡಿಗಳಲ್ಲಿ ಜಾಣ್ಮೆಯಿದೆ: ತುಂಬಿದ ಕ್ಯಾನನ್ನು ಒಬ್ಬರು ನಡುವಿನ ಹಿಡಿಯಿಂದಲೂ ಇಬ್ಬರು ಅಕ್ಕಪಕ್ಕದ ಹಿಡಿಗಳಿಂದಲೂ ಎತ್ತಬಹುದು, ಖಾಲಿಯಾದ ಎರಡನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಮುಚ್ಚಳವು ಸನ್ನೆಯಿಂದ ಬಿಗಿಯಾಗುತ್ತಿದ್ದುದರಿಂದ ತೆರೆಯಲು ಉಪಕರಣ ಬೇಕಿರಲಿಲ್ಲ. ಮೂತಿಯಲ್ಲಿದ್ದ ಗಾಳಿಕೊಳವೆಯಿಂದಾಗಿ ಇಂಧನ ಕುಲುಕದೆ ಒಂದೇ ಸಮನೆ ಸುರಿಯುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿದ್ದ ಬ್ರಿಟಿಷ್ ಸೇನೆ ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಗಳನ್ನು ಬಳಸುತ್ತಿತ್ತು. ಅವು ದಾರಿಯಲ್ಲೇ ಸೋರಿ ಅಪಾರ ಇಂಧನ ಮರಳಿನ ಪಾಲಾಗುತ್ತಿತ್ತು. ಸೆರೆಸಿಕ್ಕ ಜರ್ಮನ್ ಕ್ಯಾನುಗಳನ್ನು ಸೈನಿಕರು ಮೆಚ್ಚಿ ಬಳಸತೊಡಗಿದರು. ಮುಂದೆ ಮಿತ್ರರಾಷ್ಟ್ರಗಳು ಅವುಗಳ ನಕಲನ್ನೇ ತಯಾರಿಸಿದವು. ಜರ್ಮನರಿಗೆ ಬ್ರಿಟಿಷ್ ಸೈನಿಕರು ಇಟ್ಟಿದ್ದ ಅಡ್ಡಹೆಸರು "ಜೆರ್ರಿ". ಕ್ಯಾನಿನ ಹೆಸರು ಬಂದದ್ದು ಅದರಿಂದ.

ಆಯ್ಕೆ

ಇಂಧನ ಕ್ಯಾನುಗಳನ್ನು ಉಕ್ಕಿನಿಂದ ಅಥವಾ ದಪ್ಪ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನಿಂದ ತಯಾರಿಸುತ್ತಾರೆ. ಪ್ಲಾಸ್ಟಿಕ್ ಹಗುರ, ತುಕ್ಕು ಹಿಡಿಯದು. ಆದರೆ ಬಿಸಿಲಿಗೆ ಕಾಲಕ್ರಮದಲ್ಲಿ ಪೆಡಸಾಗುತ್ತದೆ. ಉಕ್ಕು ಗಟ್ಟಿ, ಆದರೆ ಒಳಲೇಪ ಕಿತ್ತುಹೋದರೆ ತುಕ್ಕಿನ ಪುಡಿ ಯಂತ್ರದ ಕಾರ್ಬ್ಯುರೇಟರ್ ಸೇರುತ್ತದೆ. ತೂಕವನ್ನೂ ಗಮನಿಸಬೇಕು: 20 ಲೀಟರ್ ಪೆಟ್ರೋಲೇ ಸುಮಾರು 15 ಕಿಲೋಗ್ರಾಂ ತೂಗುತ್ತದೆ. ಕತ್ತರಿಸುವ ಯಂತ್ರದ ಪುಟ್ಟ ಟ್ಯಾಂಕಿಗೆ ಅಷ್ಟು ಭಾರವನ್ನು ವಾಲಿಸಿ ಸುರಿದರೆ ಚೆಲ್ಲುವುದೇ ಹೆಚ್ಚು. 5 ಲೀಟರಿನದು ಸಾಕು.

ಕುಡಿಯುವ ನೀರಿನ ಬಾಟಲಿ ಈ ಕೆಲಸಕ್ಕೆ ಸಲ್ಲದು. ಅದರ ಮುಚ್ಚಳ ಆವಿಯ ಒತ್ತಡವನ್ನು ತಡೆಯಲು ಮಾಡಿದ್ದಲ್ಲ. ಅಲ್ಲದೆ ಬಾಯಾರಿದವರು, ಮಕ್ಕಳು ನೀರೆಂದೇ ಕುಡಿಯುವ ಸಂಭವವಿದೆ.

ಅಮೆರಿಕದಲ್ಲಿ ಪೆಟ್ರೋಲಿಗೆ ಕೆಂಪು, ಡೀಸೆಲಿಗೆ ಹಳದಿ, ಸೀಮೆಎಣ್ಣೆಗೆ ನೀಲಿ ಕ್ಯಾನ್ ಎಂಬ ರೂಢಿಯಿದೆ. ಬಣ್ಣವೊಂದನ್ನೇ ನಂಬದೆ ಇಂಧನದ ಹೆಸರನ್ನು ಕ್ಯಾನಿನ ಮೇಲೆ ಬರೆಯುವುದು ಲೇಸು. ಎರಡು ಸ್ಟ್ರೋಕಿನ ಎಂಜಿನ್ನಿಗಾಗಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಪ್ರತ್ಯೇಕ ಕ್ಯಾನಿನಲ್ಲಿಟ್ಟು ಅದರ ಪ್ರಮಾಣವನ್ನೂ ನಮೂದಿಸಬೇಕು. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದರೆ ಅಂತಹ ಎಂಜಿನ್ ಬೇಗನೆ ಹಿಡಿದುಕೊಳ್ಳುತ್ತದೆ.

ಭಾರತದ ಕಾನೂನು

1934ರ ಪೆಟ್ರೋಲಿಯಂ ಕಾಯಿದೆಯು ಫ್ಲ್ಯಾಷ್ ಪಾಯಿಂಟಿಗೆ ಅನುಗುಣವಾಗಿ ಇಂಧನಗಳನ್ನು ವಿಂಗಡಿಸುತ್ತದೆ. 23 ಡಿಗ್ರಿಗಿಂತ ಕೆಳಗಿನವು ಎ ವರ್ಗ. ಪೆಟ್ರೋಲ್ ಇದಕ್ಕೆ ಸೇರುತ್ತದೆ. ಮಾರಾಟಕ್ಕಲ್ಲದ ಎ ವರ್ಗದ ಇಂಧನವನ್ನು ಒಟ್ಟು 30 ಲೀಟರಿನವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆಯು ಭದ್ರ ಮುಚ್ಚಳದ ಗಾಜು, ಪಿಂಗಾಣಿ ಬಗೆಯ ಸುಟ್ಟಮಣ್ಣು ಅಥವಾ ಲೋಹದ್ದಾಗಿರಬೇಕು. ಮೊದಲೆರಡು 1 ಲೀಟರನ್ನೂ ಲೋಹದ್ದು 25 ಲೀಟರನ್ನೂ ಮೀರಬಾರದು. ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಹೆಸರಿಲ್ಲ.

ಬಳಕೆ

ಬಂಕಿನಲ್ಲಿ ತುಂಬಿಸುವಾಗ ಕ್ಯಾನನ್ನು ವಾಹನದಿಂದ ಇಳಿಸಿ ನೆಲದ ಮೇಲಿಡಬೇಕು. ಹರಿಯುವ ಪೆಟ್ರೋಲ್ ಸ್ಥಿರ ವಿದ್ಯುತ್ತನ್ನು ಉಂಟುಮಾಡುತ್ತದೆ. ಕಾರಿನ ಡಿಕ್ಕಿಯ ಹಾಸು ಅಥವಾ ಪಿಕಪ್ಪಿನ ಪ್ಲಾಸ್ಟಿಕ್ ಹೊದಿಕೆಯ ಮೇಲಿಟ್ಟರೆ ಅದು ನೆಲಕ್ಕೆ ಇಳಿಯದೆ ಕಿಡಿಯಾಗಿ ಹಾರಬಹುದು. ನಳಿಕೆಯನ್ನು ಕ್ಯಾನಿನ ಬಾಯಿಗೆ ತಾಗಿಸಿಯೇ ನಿಧಾನವಾಗಿ ತುಂಬಬೇಕು. ಅಂಚಿನವರೆಗೆ ತುಂಬಿಸಬಾರದು: ಉಷ್ಣತೆ 20 ಡಿಗ್ರಿ ಏರಿದರೆ 20 ಲೀಟರ್ ಪೆಟ್ರೋಲ್ ಸುಮಾರು 380 ಮಿಲಿಲೀಟರಿನಷ್ಟು ಹಿಗ್ಗುತ್ತದೆ.

ಯಂತ್ರಕ್ಕೆ ಸುರಿಯುವ ಮೊದಲು ಎಂಜಿನ್ ನಿಲ್ಲಿಸಿ ಆರಲು ಬಿಡಬೇಕು. ಕಾದ ಸೈಲೆನ್ಸರಿನ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ವಿದ್ಯುತ್ ಹೋದ ರಾತ್ರಿ ಓಡುತ್ತಿರುವ ಜನರೇಟರಿಗೆ ದೀಪವಾರದಂತೆ ಪೆಟ್ರೋಲ್ ಹಾಕುವ ಆತುರ ಇದಕ್ಕೆ ನೇರ ವಿರುದ್ಧವಾದುದು. ಒದ್ದೆ ಕಸ ಅಥವಾ ಆರುತ್ತಿರುವ ಬೆಂಕಿಗೆ ಕ್ಯಾನಿನಿಂದ ಪೆಟ್ರೋಲ್ ಎರಚುವುದಂತೂ ಸಲ್ಲದು. ಜ್ವಾಲೆಯು ಆವಿಯ ಜಾಡು ಹಿಡಿದು ಕ್ಯಾನಿನೊಳಕ್ಕೆ ನುಗ್ಗಿ ಸುರಿಯುವವರ ಮೇಲೆಯೇ ಚಿಮ್ಮುತ್ತದೆ. ಇದನ್ನು ತಡೆಯುವ ಸಾಧನವನ್ನು ಕ್ಯಾನಿನಲ್ಲಿ ಅಳವಡಿಸಬೇಕೆಂದು ಅಮೆರಿಕವು 2020ರಲ್ಲಿ ಕಾನೂನು ಮಾಡಿತು. ಮೂತಿಯೊಳಗಿನ ಸಣ್ಣ ಜಾಲರಿ ಅಂತಹ ಒಂದು ಸಾಧನ. ಸುರಿಯುವಾಗ ಅಡ್ಡವೆಂದು ಅದನ್ನು ಕಿತ್ತುಹಾಕಬಾರದು.

ಸಂಗ್ರಹ

ಕ್ಯಾನನ್ನು ಅಡುಗೆಮನೆ, ಒಲೆ, ಫ್ರಿಜ್ಜುಗಳಿಂದ ದೂರದ, ಗಾಳಿಯಾಡುವ ನೆರಳಿನ ಜಾಗದಲ್ಲಿ, ಮಕ್ಕಳಿಗೆ ಎಟುಕದಂತೆ ಇಡಬೇಕು. ಭಾರತದಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರಿನಂಶ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ನಿಲ್ಲುತ್ತವೆ. ಅಂತಹ ಇಂಧನದಿಂದ ಎಂಜಿನ್ ಸರಿಯಾಗಿ ನಡೆಯದು. ಆದ್ದರಿಂದ ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಬೇಕು, ಕೆಲವು ವಾರಗಳಿಗೆ ಬೇಕಾದಷ್ಟನ್ನೇ ತರಬೇಕು.