ಧೂಪದಾಳಕ್ಕೆ ಬರುವ ದಂಪತಿಗಳು

ರೈಟ್ ಸೋದರರ ಯಂತ್ರವು ನೆಲವನ್ನು ಬಿಟ್ಟು ಮೇಲೆದ್ದುದು 1903ರಲ್ಲಿ. ಮಾನವನ ವಿಮಾನಯಾನಕ್ಕೆ ಇನ್ನೂ ಅಷ್ಟೇ ವಯಸ್ಸು. ಆದರೆ ಟಿಕೆಟ್ಟು, ರಹದಾರಿಗಳ ಗೊಡವೆಯಿಲ್ಲದೆ ಸಾವಿರಾರು ಮೈಲಿ ಹಾರಿ, ಪರದೇಶದಲ್ಲಿ ಚಳಿಗಾಲವನ್ನು ಕಳೆದು ಮರಳುವ ಪ್ರವಾಸಿಗಳು ಬಹು ಹಿಂದಿನಿಂದಲೂ ಇದ್ದಾರೆ. ಅಂಥವರ ಬಿಡಾರಗಳಲ್ಲೊಂದು ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಧೂಪದಾಳ.

ಹುಕ್ಕೇರಿ ಸೀಮೆಯಿಂದ ಇಳಿದು ಬರುವ ಘಟಪ್ರಭೆಗೆ ಇಲ್ಲಿ ಒಡ್ಡು ಕಟ್ಟಿದ್ದು 1897ರಲ್ಲಿ. ಕಾಲುವೆಗೆ ನೀರು ತಿರುಗಿಸಿ ಗೋಕಾಕ, ಮೂಡಲಗಿ ಕಡೆಯ ಹೊಲಗಳನ್ನು ತಣಿಸುವುದೇ ಅದರ ಉದ್ದೇಶ. ಒಡ್ಡಿನ ಹಿಂದೆ ಹರಡಿದ ಹಿನ್ನೀರು, ಕೆಸರುದಂಡೆ, ನಡುಗಡ್ಡೆಗಳು ಹಕ್ಕಿಗಳಿಗೆ ತಾವಾಗಿಯೇ ಒದಗಿದ ಛತ್ರವಾದವು. 1974ರಲ್ಲಿ ಸರಕಾರವು ಸುಮಾರು 29 ಚದರ ಕಿಲೋಮೀಟರು ವಿಸ್ತಾರದ ಈ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಸಾರಿತು.

ಇಲ್ಲಿಯ ಚಳಿಗಾಲದ ಅತಿಥಿಗಳಲ್ಲಿ ಎರಡು ಮನೆತನಗಳು ಹೆಸರುವಾಸಿಯಾದವು. ಒಂದು, ಕೆಂಪು ಕೊಕ್ಕು, ಕೆಂಪು ಕಾಲುಗಳ ಯುರೋಪಿನ ಬಿಳಿ ಕೊಕ್ಕರೆ. ಇನ್ನೊಂದು, ಡೆಮೊಯ್ಸೆಲ್ ಎಂಬ ಕ್ರೌಂಚ. ಫ್ರೆಂಚರ ಆ ಶಬ್ದಕ್ಕೆ ತರುಣಿ ಎಂದು ಅರ್ಥ. ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಹೆರಳಿನಂತೆ ಇಳಿಬಿದ್ದ ಬಿಳಿ ಗರಿ, ಹೆಸರು ಒಪ್ಪುವಂತಿದೆ. ತೂಕ ಎರಡು ಮೂರು ಕಿಲೋಗ್ರಾಮು ಮಾತ್ರ. ಕ್ರೌಂಚಕುಲದಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ.

ಪ್ರವಾಸದ ವಿಷಯದಲ್ಲಿ ಈ ಎರಡು ಮನೆತನಗಳ ರೀತಿ ಬೇರೆ ಬೇರೆ. ಕೊಕ್ಕರೆಯ ಗಂಡುಹೆಣ್ಣುಗಳು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಕೂಡಿ ಹೋಗುವುದಿಲ್ಲ. ವಸಂತದಲ್ಲಿ ತವರಿನ ಹಳೆಯ ಗೂಡಿನಲ್ಲಿಯೇ ಅವುಗಳ ಭೇಟಿ. ಕ್ರೌಂಚಗಳಾದರೋ ಸಂಸಾರ ಸಮೇತ ಹೊರಡುತ್ತವೆ. ತಂದೆ, ತಾಯಿ, ಆ ವರ್ಷದ ಒಂದೆರಡು ಮರಿಗಳು; ಇಂಥ ಹಲವು ಕುಟುಂಬಗಳು ಕೂಡಿ ಒಂದು ಹಿಂಡು.

ಮಂಗೋಲಿಯ, ಕಜಾಕಸ್ತಾನಗಳ ಹುಲ್ಲುಗಾವಲು ಇವುಗಳ ತವರು. ತತ್ತಿ ಒಡೆದು ಹೊರಬಂದ ಮರಿಗೆ ರೆಕ್ಕೆ ಬಲಿಯಲು ಸುಮಾರು ಎರಡು ತಿಂಗಳು ಬೇಕು. ಅಷ್ಟರಲ್ಲಿ ಪ್ರಯಾಣದ ಕಾಲ ಬಂದೇಬಿಡುತ್ತದೆ. ಎದುರಿಗೆ ಹಿಮಾಲಯ! ನೇಪಾಳದ ಕಾಳಿಗಂಡಕಿಯ ಕಣಿವೆಯಲ್ಲಿ, 16 ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ, ತೆಳುಗಾಳಿ ಮತ್ತು ಕಡುಚಳಿಗಳೊಡನೆ ಹೊಂಚುಹಾಕಿದ ಹೊನ್ನಹದ್ದುಗಳನ್ನೂ ಎದುರಿಸಬೇಕು. ದಣಿದು ಹಿಂದೆ ಉಳಿದ ಮರಿ ಹದ್ದಿನ ಪಾಲು. ಮಂಗೋಲಿಯದ ಹಕ್ಕಿಗಳಿಗೆ ಉಪಗ್ರಹಸಾಧನ ಕಟ್ಟಿ ನೋಡಿದಾಗ, ಬರುವಾಗ ಹಿಮಾಲಯವನ್ನು ದಾಟಿದವು ಮರಳುವಾಗ ಪಶ್ಚಿಮದ ಕಡೆಯಿಂದ ಅದನ್ನು ಬಳಸಿಕೊಂಡು ಹೋದುದು ಕಂಡುಬಂದಿತು.

ಈ ದಾರಿಯನ್ನು ಮರಿಗೆ ಹೇಳಿಕೊಟ್ಟವರಾರು? ಅಮೆರಿಕದಲ್ಲಿ ಅಳಿವಿನ ಅಂಚಿಗೆ ಬಂದಿದ್ದ ಹೂಪಿಂಗ್ ಕ್ರೌಂಚಗಳ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಮನುಷ್ಯರ ಆಸರೆಯಲ್ಲಿ ಬೆಳೆದ ಮರಿಗಳಿಗೆ ದಾರಿ ತೋರುವ ಹಿರಿಯರಿರಲಿಲ್ಲ. 2001ರಲ್ಲಿ, ಮನುಷ್ಯರೂಪ ಕಾಣದಂತೆ ಬಿಳಿಯ ನಿಲುವಂಗಿ ತೊಟ್ಟ ಚಾಲಕರು ಪುಟ್ಟ ವಿಮಾನಗಳಲ್ಲಿ ಮುಂದೆ ಮುಂದೆ ಹಾರಿ, ವಿಸ್ಕಾನ್ಸಿನ್ನಿಂದ ಫ್ಲಾರಿಡಾದವರೆಗೆ ಅವುಗಳನ್ನು ಕರೆದೊಯ್ದರು. ಒಮ್ಮೆ ದಾರಿ ಕಲಿತ ಮರಿಗಳು ವಸಂತದಲ್ಲಿ ತಾವಾಗಿಯೇ ಮರಳಿದವು. ಆ ಹಕ್ಕಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ಮಾತನ್ನು ತಿಳಿಸಿತು: ಏಳು ವರ್ಷದ ಹಿರಿಯ ಹಕ್ಕಿಯೊಂದು ಜೊತೆಗಿದ್ದರೆ, ಬರಿಯ ಒಂದು ವರ್ಷದ ಹಕ್ಕಿಗಳ ಗುಂಪಿಗಿಂತ ಸುಮಾರು ಶೇಕಡಾ 38ರಷ್ಟು ಕಡಮೆ ದಾರಿ ತಪ್ಪುತ್ತದೆ. ಹಿರಿಯರ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕೆ!

ವ್ಯಾಧನ ಬಾಣಕ್ಕೆ ಜೊತೆಗಾರನನ್ನು ಕಳೆದುಕೊಂಡ ಕ್ರೌಂಚಿಯ ಗೋಳನ್ನು ಕೇಳಿ ವಾಲ್ಮೀಕಿಯ ಹೃದಯ ಕರಗಿದ ಕಥೆ ಮನೆಮನೆಗೂ ಗೊತ್ತು. ಆ ಕ್ರೌಂಚ ಯಾವ ಜಾತಿಯದೆಂಬುದರಲ್ಲಿ ಒಮ್ಮತವಿಲ್ಲ. ಸಾರಸವೆಂದು ಹೇಳುವವರೂ ಉಂಟು. ಜೊತೆ ಅಗಲಿದರೆ ಹಕ್ಕಿ ಪ್ರಾಣವನ್ನೇ ಬಿಡುತ್ತದೆಂಬುದು ಲೋಕದ ನಂಬಿಕೆ. ವಾಸ್ತವದಲ್ಲಿ ಉಳಿದ ಹಕ್ಕಿ ಕಾಲಕ್ರಮದಲ್ಲಿ ಬೇರೆ ಜೊತೆಯನ್ನು ಕಂಡುಕೊಳ್ಳಬಹುದು. ಆದರೆ ನಡುದಾರಿಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಎಳೆಮರಿಯ ಗತಿ? ಸುತ್ತಲಿನ ಹಿಂಡು ಅದನ್ನು ಜೊತೆಗೆ ಕೊಂಡೊಯ್ದರೆ ಉಂಟು, ಇಲ್ಲವಾದರೆ ಇಲ್ಲ.

ಇಂದಿನ ಬಾಣಗಳು ಬೇರೆ. ನಸುಕಿನ ಮಂಜಿನಲ್ಲಿ ಕಾಣದ ವಿದ್ಯುತ್ತಂತಿಗೆ ಬಡಿದು ಕ್ರೌಂಚಗಳು ಸಾಯುತ್ತವೆ. ರಾತ್ರಿ ತಂಗಲು ಆಳವಿಲ್ಲದ ನೀರು, ಹಗಲು ಮೇಯಲು ಸುಗ್ಗಿ ಮುಗಿದ ಹೊಲದಲ್ಲಿ ಉದುರಿದ ಕಾಳು. ಅವುಗಳ ಬೇಡಿಕೆ ಇಷ್ಟೇ. ನಿಂತ ಪೈರಿಗೆ ಇಳಿದರೆ ರೈತನಿಗೆ ನಷ್ಟವೆಂಬುದೂ ಸುಳ್ಳಲ್ಲ. ಆದರೂ ರಾಜಸ್ಥಾನದ ಖೀಚನ್ ಗ್ರಾಮದವರು ಸಾವಿರಾರು ಕುರ್ಜಾಗಳಿಗೆ, ಎಂದರೆ ಇದೇ ಹಕ್ಕಿಗಳಿಗೆ, ತಾವಾಗಿ ಕಾಳು ಚೆಲ್ಲಿ ಲೋಕಪ್ರಸಿದ್ಧರಾಗಿದ್ದಾರೆ.

ಚಳಿಗಾಲದಲ್ಲಿ ಗೋಕಾಕದ ಜಲಪಾತವನ್ನು ನೋಡಲು ಹೋದವರು ಒಂದು ಮುಂಜಾನೆಯನ್ನು ಧೂಪದಾಳಕ್ಕೂ ಮೀಸಲಿಡಬಹುದು. ದೂರದಲ್ಲಿ ಸದ್ದಿಲ್ಲದೆ ನಿಂತು ಹಿನ್ನೀರಿನ ಅಂಚನ್ನು ದಿಟ್ಟಿಸಿದರೆ ಸಾಕು. ಅಲ್ಲಿ ಎರಡು ದೊಡ್ಡ ಕ್ರೌಂಚಗಳ ನಡುವೆ ಇನ್ನೂ ಹೆರಳು ಬೆಳೆಯದ ಮರಿಯೊಂದು ಕಂಡರೆ, ಅದು ತನ್ನ ಜೀವನದ ಮೊದಲ ಪಾಠವನ್ನು ಮುಗಿಸಿ ಬಂದಿದೆಯೆಂದು ತಿಳಿಯಬೇಕು. ಮರಳಿ ಹೋಗುವ ದಾರಿಯ ಪಾಠ ಇನ್ನೂ ಬಾಕಿಯಿದೆ.